ಜೋಳದ ದಂಟಿನ ಬಿಳಿ ಮೇಣ: ಬಿಸಿತಟ್ಟೆ ಮೈಕ್ರೋಸ್ಕೋಪ್ ಕಟ್ಟಿ ನೋಡುವ ಬಗೆ

ಹಿಂಗಾರಿ ಬಿಳಿಜೋಳ ತೆನೆ ಬಿಡುವ ಹೊತ್ತಿಗೆ ದಂಟನ್ನು ಸುತ್ತಿಕೊಂಡ ಎಲೆಬುಡದ ಮೇಲೆ ಬಿಳಿ ಪುಡಿ ಕೂತಿರುತ್ತದೆ. ರಾಯಚೂರು ಸುತ್ತಿನ ಎರೆ ಹೊಲಗಳಲ್ಲಿ ನವೆಂಬರ್ ಕೊನೆಯಿಂದ ಜನವರಿವರೆಗೆ ಇದಕ್ಕೆ ಬರವಿಲ್ಲ. ಬೆರಳಿಗೆ ಹತ್ತುವ ಈ ಪುಡಿ ಧೂಳಲ್ಲ, ಬೂದಿ ರೋಗವೂ ಅಲ್ಲ. ಗಿಡವೇ ಹೊರಹಾಕಿದ ಮೇಣ ಅದು. ಎಲೆಬುಡದ ಹೊರಚರ್ಮದಲ್ಲಿರುವ ಕಾರ್ಕ್ ಕೋಶಗಳಿಂದ ಎಳೆ ಎಳೆಯಾಗಿ ಹೊರಡುತ್ತದೆ. ಒಂದೊಂದು ಎಳೆ ಸುಮಾರು ಒಂದು ಮೈಕ್ರೊಮೀಟರ್ ದಪ್ಪ, ಹತ್ತಾರು ಮೈಕ್ರೊಮೀಟರ್ ಉದ್ದ. ಅದೇ ಮೇಣವನ್ನು ಒಮ್ಮೆ ಕರಗಿಸಿ ಆರಿಸಿದರೆ ಎಳೆ ಮತ್ತೆ ಬರುವುದಿಲ್ಲ, ಚಪ್ಪಟೆ ಹರಳಿನ ಪದರ ಬರುತ್ತದೆ. ಅಣು ಅದೇ, ತೂಕ ಅದೇ, ಆಕಾರ ಬೇರೆ. ಆಕಾರ ಬದಲಾದ ಕೂಡಲೇ ಅದರ ಮೇಲೆ ನೀರು ನಡೆದುಕೊಳ್ಳುವ ರೀತಿಯೂ ಬದಲಾಗುತ್ತದೆ. ಇದನ್ನು ಕಾಲೇಜಿನ ಸಾಧಾರಣ ಮೈಕ್ರೋಸ್ಕೋಪಿನಲ್ಲೇ ಕಣ್ಣಾರೆ ನೋಡಲು ಬೇಕಾದ ಬಿಸಿತಟ್ಟೆ, ಧ್ರುವೀಕೃತ ಬೆಳಕಿನ ಏರ್ಪಾಡು, ಮೇಣ ತೆಗೆಯುವ ಕ್ರಮ ಇಲ್ಲಿವೆ.

ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡರೆ ಶ್ರಮ ಉಳಿಯುತ್ತದೆ. ಕಮಲದ ಎಲೆಯ ಮೇಣದ ಕೊಳವೆಗಳು ಸುಮಾರು 0.1 ಮೈಕ್ರೊಮೀಟರ್ ದಪ್ಪ, ಉದ್ದವೂ ಹೆಚ್ಚೆಂದರೆ ಒಂದು ಮೈಕ್ರೊಮೀಟರ್. ಬೆಳಕಿನ ಮೈಕ್ರೋಸ್ಕೋಪಿಗೆ ಅವು ದಕ್ಕುವುದಿಲ್ಲ, ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು. 10 ಪಟ್ಟಿನ ಮಸೂರದ (ಬೆಳಕು ಹಿಡಿಯುವ ಅಗಲದ ಅಳತೆ, ಅಂದರೆ ಅಪರ್ಚರ್, 0.25) ಬಿಡಿಸಿ ತೋರಿಸುವ ಶಕ್ತಿ ಸುಮಾರು 1.3 ಮೈಕ್ರೊಮೀಟರ್. ಹಾಗಾಗಿ ಜೋಳದ ಎಳೆಯ ದಪ್ಪವನ್ನು ಅದರಲ್ಲಿ ಅಳೆಯಲಾಗದು. ಆದರೆ ಅಡ್ಡ ಪೋಲರಾಯ್ಡ್‌ಗಳ (ಬೆಳಕನ್ನು ಒಂದೇ ದಿಕ್ಕಿನ ಕಂಪನಕ್ಕೆ ಸೋಸುವ, ಒಂದಕ್ಕೊಂದು ಅಡ್ಡ ಇಟ್ಟ ಎರಡು ಹಾಳೆಗಳ) ಕಪ್ಪು ಹಿನ್ನೆಲೆಯಲ್ಲಿ ಹರಳು ತಾನೇ ಹೊಳೆಯುವುದರಿಂದ ಎಳೆ ಎಲ್ಲಿದೆ, ಯಾವ ದಿಕ್ಕಿಗಿದೆ, ಎಷ್ಟು ಡಿಗ್ರಿಗೆ ಕರಗಿತು ಎಂಬುದೆಲ್ಲ ಸ್ಪಷ್ಟವಾಗಿ ಸಿಗುತ್ತದೆ. ಈ ಕೆಲಸಕ್ಕೆ ಜೋಳವನ್ನೇ ಆರಿಸಿಕೊಳ್ಳಲು ಕಾರಣ ಇದು. ಮೇಣ ಹೇರಳ, ಎಳೆ ದೊಡ್ಡದು, ಹೊಲ ಹತ್ತಿರ.

ಮೇಣದೊಳಗಿನ ರಸಾಯನ

ಗಿಡದ ಮೇಣದ ಮುಖ್ಯ ಅಣುಗಳು ಉದ್ದನೆಯ ಇಂಗಾಲದ ಸರಪಳಿಗಳು, ಹೆಚ್ಚಾಗಿ 20ರಿಂದ 40 ಇಂಗಾಲ. ಜೀವಕೋಶ 16 ಅಥವಾ 18 ಇಂಗಾಲದ ಕೊಬ್ಬಿನಾಮ್ಲಕ್ಕೆ ಎರಡೆರಡು ಇಂಗಾಲ ಸೇರಿಸುತ್ತ ಸರಪಳಿ ಬೆಳೆಸುತ್ತದೆ. ಅದಕ್ಕೇ ಆಮ್ಲ, ಪ್ರೈಮರಿ ಆಲ್ಕೊಹಾಲ್ (ಆಮ್ಲಜನಕದ ಗುಂಪು ತುದಿಯಲ್ಲಿರುವ ಆಲ್ಕೊಹಾಲ್)ಗಳಲ್ಲಿ 26, 28, 30 ಎಂಬ ಸಮಸಂಖ್ಯೆಗಳೇ ಮೇಲುಗೈ. ಆಲ್ಕೇನ್ (ಬರೀ ಇಂಗಾಲ, ಜಲಜನಕದ ಸರಪಳಿ) ಆಗುವಾಗ ಒಂದು ಇಂಗಾಲ ಕಳಚಿಕೊಳ್ಳುವುದರಿಂದ ಅಲ್ಲಿ 29, 31. ಎಲೆಕೋಸಿನಲ್ಲಿ 29 ಇಂಗಾಲದ ಆಲ್ಕೇನ್ ಇಲ್ಲಿಗೇ ನಿಲ್ಲದೆ, ನಟ್ಟನಡುವಿನ 15ನೇ ಇಂಗಾಲಕ್ಕೆ ಆಮ್ಲಜನಕ ಸೇರಿ ಸೆಕೆಂಡರಿ ಆಲ್ಕೊಹಾಲ್ ಆಗುತ್ತದೆ, ಮುಂದೆ ಕೀಟೋನ್ ಆಗುತ್ತದೆ. ಜೋಳದ ಎಲೆಬುಡದ ಪುಡಿಯಲ್ಲಿ 28 ಮತ್ತು 30 ಇಂಗಾಲದ ಆಮ್ಲಗಳೇ ಪ್ರಧಾನ. ಅದೇ ಗಿಡದ ಎಲೆಯ ಹಾಳೆಯ ಮೇಣ ಬೇರೆ. ಎಳೆಯ ಗಿಡದ ಹಾಳೆಯಲ್ಲಿ ಆಲ್ಕೊಹಾಲ್, ಆಲ್ಡಿಹೈಡ್‌ಗಳು ಹೆಚ್ಚು. ಆದ್ದರಿಂದ ಎಲೆಬುಡ, ಎಲೆಹಾಳೆ ಎರಡನ್ನೂ ಒಂದೇ ಸೀಸೆಗೆ ಹಾಕಿದರೆ ಅಳತೆಗೆ ಅರ್ಥವಿಲ್ಲ.

ಹರಳಿನಲ್ಲಿ ಸರಪಳಿಗಳು ಅಂಕುಡೊಂಕು ಗೆರೆಯಲ್ಲಿ ನೇರವಾಗಿ ಚಾಚಿ, ಒಂದರ ಪಕ್ಕ ಒಂದು ಒತ್ತಿ ನಿಂತು ಪದರ ಕಟ್ಟುತ್ತವೆ. ಒಂದೊಂದು ಇಂಗಾಲಕ್ಕೆ ಸರಪಳಿ 0.127 ನ್ಯಾನೊಮೀಟರ್ ಮುಂದೆ ಸಾಗುತ್ತದೆ. ಹಾಗೆ ಲೆಕ್ಕ ಹಾಕಿದರೆ 29 ಇಂಗಾಲದ ಅಣುವಿನ ಉದ್ದ 4 ನ್ಯಾನೊಮೀಟರಿಗೆ ಸ್ವಲ್ಪ ಕಡಿಮೆ. ಆಮ್ಲಜನಕದ ಗುಂಪು ಸರಪಳಿಯ ತುದಿಯಲ್ಲಿದ್ದರೆ ಪದರ ಸಮತಟ್ಟಾಗಿ ಕೂಡುತ್ತದೆ, ಬಿಲ್ಲೆಗಳು ಹುಟ್ಟುತ್ತವೆ. ಗೋಧಿ, ಮೆಕ್ಕೆಜೋಳದ ಎಳೆಯ ಎಲೆಗಳಲ್ಲಿ ಕಾಣುವುದು ಪ್ರೈಮರಿ ಆಲ್ಕೊಹಾಲಿನ ಇಂಥ ಬಿಲ್ಲೆಗಳೇ. ಗುಂಪು ಸರಪಳಿಯ ಮೈಮೇಲೆ, 10ನೇ ಇಂಗಾಲದಲ್ಲಿ ಇದ್ದರೆ ಅದು ಪಕ್ಕದ ಅಣುವನ್ನು ತಳ್ಳುತ್ತದೆ. ಪದರ ಸಮತಟ್ಟಾಗಿ ಮಲಗಲಾರದೆ ಬಾಗುತ್ತದೆ, ಬಾಗಿ ಬಾಗಿ ಕೊಳವೆಯಾಗುತ್ತದೆ. 29 ಇಂಗಾಲದ ಆಲ್ಕೇನಿನ ಹೆಸರು ನೊನಕೊಸೇನ್; ಅದಕ್ಕೆ ಎರಡು ಆಲ್ಕೊಹಾಲ್ ಗುಂಪು ಸೇರಿದರೆ ಡಯೋಲ್, 10ನೇ ಇಂಗಾಲಕ್ಕೆ ಒಂದೇ ಸೇರಿದರೆ ನೊನಕೊಸೇನ್-10-ಓಲ್. ಕಮಲದ ಎಲೆಯ ಮೇಲ್ಮೈ ಮೇಣದಲ್ಲಿ ನೊನಕೊಸೇನ್ ಡಯೋಲ್‌ಗಳು ಶೇ. 65, ನೊನಕೊಸೇನ್-10-ಓಲ್ ಶೇ. 22 ಎಂದು 2011ರ ಜರ್ಮನ್ ಅಧ್ಯಯನವೊಂದು ದಾಖಲಿಸಿದೆ. ಇದಕ್ಕಿಂತ ಬೆರಗು ಹುಟ್ಟಿಸುವುದು ಸಂಶೋಧಕರಾದ ಯೆಟ್ಟರ್ ಮತ್ತು ರೀಡರರ್ 1994ರಲ್ಲಿ ಪ್ರಕಟಿಸಿದ ಫಲಿತಾಂಶ. ನೊನಕೊಸೇನ್-10-ಓಲ್‌ನ ಒಂದೇ ಕೈಯ ರೂಪವನ್ನು (ಎಡಗೈ, ಬಲಗೈಯಂತೆ ಕನ್ನಡಿ ಬಿಂಬಗಳಾದ ಎರಡು ರೂಪಗಳಲ್ಲಿ ಒಂದನ್ನು) ದ್ರಾವಣದಿಂದ ಹರಳುಗಟ್ಟಿಸಿದರೆ ಕೊಳವೆ ಬರುತ್ತದೆ. ಎಡ, ಬಲ ರೂಪಗಳು ಸಮವಾಗಿ ಬೆರೆತಿದ್ದರೆ ಬಿಲ್ಲೆ ಬರುತ್ತದೆ. ಜೀವಕೋಶದ ನೆರವಿಲ್ಲದೆ, ಬರೀ ಗಾಜಿನ ಮೇಲೆ! ಜರ್ಮನ್ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಥ್‌ಲಾಟ್ ಮತ್ತು ಸಂಗಡಿಗರು 1998ರಲ್ಲಿ ಗಿಡಗಳ ಮೇಣವನ್ನು 23 ಬಗೆಗಳಾಗಿ ವಿಂಗಡಿಸಿದಾಗ ಆ ವಿಂಗಡಣೆಯ ಹಿಂದಿದ್ದ ಆಸರೆಯೂ ಇದೇ: ಆಕಾರ ನೋಡಿ ರಸಾಯನವನ್ನು ಬಹುಮಟ್ಟಿಗೆ ಊಹಿಸಬಹುದು.

ಬಿಸಿತಟ್ಟೆ

ಅಲ್ಯೂಮಿನಿಯಂ ಪಟ್ಟಿ 90 × 40 × 5 ಮಿ.ಮೀ. ನಟ್ಟನಡುವೆ 3 ಮಿ.ಮೀ. ತೂತು, ಬೆಳಕು ಹಾಯಲು. ಎರಡು ತುದಿಗೆ ಅಲ್ಯೂಮಿನಿಯಂ ಹೊದಿಕೆಯ 10 ಓಮ್, 25 ವ್ಯಾಟ್ ರೆಸಿಸ್ಟರ್ ಒಂದೊಂದು, ಅಡಿಗೆ ತೆಳ್ಳಗೆ ಹೀಟ್‌ಸಿಂಕ್ ಪೇಸ್ಟ್ ಸವರಿ 3 ಮಿ.ಮೀ. ಸ್ಕ್ರೂ ಹಾಕಿ ಬಿಗಿಯಬೇಕು. ಎರಡನ್ನೂ ಪ್ಯಾರಲಲ್ ಜೋಡಿಸಿದರೆ 5 ಓಮ್. 12 ವೋಲ್ಟಿಗೆ 2.4 ಆಂಪಿಯರ್, ಸುಮಾರು 29 ವ್ಯಾಟ್. ತಟ್ಟೆಯ ತೂಕ 50 ಗ್ರಾಂಗೆ ಹತ್ತಿರ, ಒಂದು ಡಿಗ್ರಿ ಏರಿಸಲು ಸುಮಾರು 44 ಜೂಲ್ ಸಾಕು. ಪೂರ್ತಿ ಕರೆಂಟ್ ಕೊಟ್ಟರೆ ಮೊದಲಿಗೆ ನಿಮಿಷಕ್ಕೆ 35ರಿಂದ 40 ಡಿಗ್ರಿ ಏರುತ್ತದೆ. ಅಷ್ಟು ವೇಗ ಬೇಕಿಲ್ಲ. 90 ಡಿಗ್ರಿಯಲ್ಲಿ ಹಿಡಿದು ನಿಲ್ಲಿಸಲು ಶೇ. 20ರ ಆಸುಪಾಸಿನ ಪಲ್ಸ್ (ಸಮಯದ ಐದನೇ ಒಂದು ಪಾಲು ಮಾತ್ರ ಕರೆಂಟ್) ಸಾಕಾಗುತ್ತದೆ. ರೆಸಿಸ್ಟರ್‌ಗಳನ್ನು ಸೀರೀಸ್ ಜೋಡಿಸಿದರೆ 7 ವ್ಯಾಟ್ ಮಾತ್ರ ಸಿಕ್ಕಿ ತಟ್ಟೆ 100 ಡಿಗ್ರಿ ದಾಟಲು ಏದುಸಿರು ಬಿಡುತ್ತದೆ, ಗಾಳಿ ಬೀಸಿದರೆ ಅದೂ ಇಲ್ಲ.

ಬೇಸಿಗೆಯಲ್ಲಿ ಕರೆಂಟ್ ಹೋಗುವ ಊರಿಗೆ ಬ್ಯಾಟರಿ ಸ್ಪ್ರೇಯರ್‌ನ 12 ವೋಲ್ಟ್, 8 ಆಂಪಿಯರ್-ಅವರ್ ಬ್ಯಾಟರಿ ಒಳ್ಳೆಯ ಆಸರೆ. ಒಂದು ಪೂರ್ತಿ ಅಳತೆ ನಡುವೆ ನಿಲ್ಲದೆ ಮುಗಿಯುತ್ತದೆ.

ನಿಯಂತ್ರಣಕ್ಕೆ ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಅದರ ಆಣತಿಯಂತೆ ಹೀಟರನ್ನು ಆನ್-ಆಫ್ ಮಾಡುವ ಮಾಸ್‌ಫೆಟ್ ಐಆರ್‌ಎಲ್‌ಜೆಡ್44ಎನ್. ಹೆಸರಿನಲ್ಲಿ ‘ಎಲ್’ ಇಲ್ಲದ ಐಆರ್‌ಎಫ್‌ಜೆಡ್44ಎನ್ ಕೊಟ್ಟರೆ ತೆಗೆದುಕೊಳ್ಳಬಾರದು. ಗೇಟಿಗೆ 5 ವೋಲ್ಟ್ ಸಿಕ್ಕಾಗ ಅದು ಪೂರ್ತಿ ತೆರೆಯದೆ ತಾನೇ ಬಿಸಿಯಾಗುತ್ತದೆ. ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್ ಹಾಕದಿದ್ದರೆ ಬೋರ್ಡ್ ಆನ್ ಆಗುವ ಕ್ಷಣದಲ್ಲಿ ಹೀಟರ್ ಹತ್ತಿಕೊಳ್ಳುತ್ತದೆ. ತಾಪ ಅಳೆಯಲು 10 ಕಿಲೋಓಮ್, 3950 ಬೀಟಾದ ಥರ್ಮಿಸ್ಟರ್ (ಬಿಸಿಯಾದಂತೆ ಓಮ್ ಇಳಿಯುವ ರೆಸಿಸ್ಟರ್) ಮಣಿ, ತೂತಿನಿಂದ 4 ಮಿ.ಮೀ. ದೂರದಲ್ಲಿ ತಟ್ಟೆಯ ಅಂಚಿನಿಂದ ಕೊರೆದ ರಂಧ್ರದೊಳಗೆ, ಪೇಸ್ಟ್ ತುಂಬಿ. ಥರ್ಮಿಸ್ಟರಿಗೆ ಜೊತೆಯಾಗಿ ಎಲ್ಲರೂ ಹಾಕುವುದು 10 ಕಿಲೋಓಮ್. ಇಲ್ಲಿ 2.2 ಕಿಲೋಓಮ್ (ಶೇ. 1 ನಿಖರತೆ) ಹಾಕಬೇಕು. 80 ಡಿಗ್ರಿಯಲ್ಲಿ ಥರ್ಮಿಸ್ಟರ್ ಸುಮಾರು 1.27 ಕಿಲೋಓಮಿಗೆ ಇಳಿದಿರುತ್ತದೆ. 10 ಕಿಲೋಓಮ್ ಜೊತೆಗಿದ್ದರೆ ಒಂದು ಡಿಗ್ರಿಗೆ ಆರ್ಡುಯಿನೋ ಓದುವ ಸಂಖ್ಯೆಯಲ್ಲಿ ಬರೀ 3 ಅಂಕ ಬದಲಾಗುತ್ತವೆ, 2.2 ಕಿಲೋಓಮ್ ಇದ್ದರೆ 7. ಹದಿನಾರು ಸಲ ಓದಿ ಸರಾಸರಿ ತೆಗೆದರೆ ಡಿಗ್ರಿಯ ಹತ್ತನೇ ಒಂದು ಭಾಗದವರೆಗೆ ನಂಬಬಹುದು. ಕೆ ಬಗೆಯ ಥರ್ಮೋಕಪಲ್, ಮ್ಯಾಕ್ಸ್6675 ಬೋರ್ಡ್ ಅಗ್ಗ ನಿಜ, ಆದರೆ ಅದರ ತಪ್ಪು ಕೆಲವು ಡಿಗ್ರಿಗಳಷ್ಟು. 28 ಇಂಗಾಲದ ಆಮ್ಲಕ್ಕೂ 30 ಇಂಗಾಲದ ಆಮ್ಲಕ್ಕೂ ಕರಗುವ ಬಿಂದುವಿನಲ್ಲಿ 3 ಡಿಗ್ರಿಗಿಂತ ಕಡಿಮೆ ಅಂತರ ಇರುವಾಗ ಅದನ್ನು ಕಟ್ಟಿಕೊಂಡು ಪ್ರಯೋಜನವಿಲ್ಲ.

130 ಡಿಗ್ರಿಯ ಥರ್ಮಲ್ ಫ್ಯೂಸ್ ಒಂದನ್ನು ಹೀಟರ್ ಸಾಲಿನಲ್ಲಿ ಇಟ್ಟು ತಟ್ಟೆಗೆ ಒತ್ತಿ ಕಟ್ಟಬೇಕು. ಅದಕ್ಕೆ ಬೆಸುಗೆ ಹಾಕಿದರೆ ಬೆಸುಗೆಯ ಬಿಸಿಗೇ ಸುಟ್ಟುಹೋಗುತ್ತದೆ. ಕ್ರಿಂಪ್ ಮಾಡಿ.

ತಟ್ಟೆಯ ಕೆಳಗೆ ನಾಲ್ಕು ಮೂಲೆಗೆ ಟೆಫ್ಲಾನ್ ವಾಷರ್ ಇಟ್ಟು ಮೈಕ್ರೋಸ್ಕೋಪಿನ ವೇದಿಕೆಯಿಂದ 4 ಮಿ.ಮೀ. ಎತ್ತರಿಸಬೇಕು. ಮಸೂರ 4 ಅಥವಾ 10 ಪಟ್ಟಿನದು ಮಾತ್ರ. 40 ಪಟ್ಟಿನ ಮಸೂರ ಮಾದರಿಗೆ ಅರ್ಧ ಮಿ.ಮೀ. ಹತ್ತಿರ ಬರುತ್ತದೆ, 90 ಡಿಗ್ರಿಯ ತಟ್ಟೆಯ ಮೇಲೆ ಅದನ್ನು ಇಳಿಸಿದರೆ ಗಾಜುಗಳನ್ನು ಅಂಟಿಸಿದ ಸಿಮೆಂಟ್ ಹಾಳಾಗುತ್ತದೆ. ಫ್ಯಾನ್ ಬಂದ್ ಮಾಡಿ ಕೂರಬೇಕು. ಗಾಳಿಗೆ ತಟ್ಟೆಯ ಮೈ ತಣಿಯುತ್ತದೆ, ಒಳಗಿನ ಥರ್ಮಿಸ್ಟರಿಗೆ ಅದು ತಿಳಿಯುವುದಿಲ್ಲ.

ಬೆಳಕು, ಮತ್ತು ಮೋಸದ ಹೊಳಪು

ಹಳೆಯ ಕ್ಯಾಲ್ಕುಲೇಟರ್ ಅಥವಾ ಒಡೆದ ಎಲ್‌ಸಿಡಿಯ ಪೋಲರಾಯ್ಡ್ ಹಾಳೆ ಎರಡು ತುಂಡು. ಒಂದು ದೀಪದ ಮೇಲೆ, ಇನ್ನೊಂದು ಕಣ್ಣಿನ ಮಸೂರದ ಮೇಲೆ. ಮೇಲಿನದನ್ನು ತಿರುಗಿಸುತ್ತ ನೋಟ ಅತಿ ಕಪ್ಪಾಗುವಲ್ಲಿ ನಿಲ್ಲಿಸಬೇಕು. ಹಾಳೆಯ ಹಿಂದಿನ ಅಂಟು ಉಳಿದಿದ್ದರೆ ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ತೆಗೆಯಬೇಕು. ಕಪ್ಪಿನ ಬದಲು ನೇರಳೆ, ಕಂದು ಬಣ್ಣ ಕಂಡರೆ ಹಾಳೆಗೆ ಇನ್ನೊಂದು ಪದರ ಅಂಟಿದೆ ಎಂದರ್ಥ. ಮಗ್ಗುಲು ಬದಲಿಸಿ ನೋಡಿ. ಹಾಳೆ ಬಿಸಿತಟ್ಟೆಗೆ ತಾಗಬಾರದು, ಮುದುಡಿಕೊಳ್ಳುತ್ತದೆ.

ಈಗ ಬರುವುದೇ ಈ ಕೆಲಸದ ಅತಿ ದೊಡ್ಡ ತೊಡಕು. ಅಡ್ಡ ಪೋಲರಾಯ್ಡ್‌ಗಳ ನಡುವೆ ಹೊಳೆಯುವುದೆಲ್ಲ ಮೇಣವಲ್ಲ. ಹತ್ತಿ ಜಿನ್ನಿಂಗ್ ನಡೆಯುವ ರಾಯಚೂರಿನಲ್ಲಿ ಹತ್ತಿಯ ಎಳೆ ಗಾಳಿಯಲ್ಲೇ ಇರುತ್ತದೆ, ಸೆಲ್ಯುಲೋಸ್ ಆದ್ದರಿಂದ ಜೋರಾಗಿ ಹೊಳೆಯುತ್ತದೆ, ಮೇಣದ ಎಳೆಯೆಂದು ನಂಬಿಸಿಬಿಡುತ್ತದೆ. ವ್ಯತ್ಯಾಸ ಹೀಗೆ: ಹತ್ತಿಯ ಎಳೆ ಹತ್ತು ಮೈಕ್ರೊಮೀಟರಿಗಿಂತ ದಪ್ಪ, ತಿರುಚಿದ ಪಟ್ಟಿ, 110 ಡಿಗ್ರಿಗೂ ಜಗ್ಗುವುದಿಲ್ಲ. ಹೊಲದ ಧೂಳಿನ ಕ್ವಾರ್ಟ್ಸ್ ಕಣವೂ ಹೊಳೆಯುತ್ತದೆ, ಅದೂ ಕರಗುವುದಿಲ್ಲ. ಸಂಡೂರು ಕಡೆಯ ಎಲೆಗಳ ಮೇಲಿನ ಕಬ್ಬಿಣದ ಅದಿರಿನ ಧೂಳು ಹೆಚ್ಚಾಗಿ ಕೆಂಪು, ಕಪ್ಪು ಕಲೆಯಾಗಿ ಕಂಡು ಗುರುತು ಸಿಗುತ್ತದೆ. ರೊಟ್ಟಿ ತಟ್ಟಿದ ಕೈಯಲ್ಲಿ ಮಾದರಿ ಮುಟ್ಟಿದರೆ ಜೋಳದ ಹಿಟ್ಟಿನ ಪಿಷ್ಟದ ಕಣಗಳು ಸೇರುತ್ತವೆ. ಕಣದ ನಡುವೆ ಕೂಡಿಸುವ ಚಿಹ್ನೆಯಂಥ ಕಪ್ಪು ಗೆರೆ ಕಂಡರೆ ಅದು ಪಿಷ್ಟ. ಎಕ್ಕೆ, ಬಾಳೆ ಎಲೆಯ ಸಿಪ್ಪೆಯನ್ನೇ ಇಟ್ಟು ನೋಡುವವರಿಗೆ ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಎದುರಾಗುತ್ತವೆ. ಬೋರ್‌ವೆಲ್ ನೀರಿನಲ್ಲಿ ಗಾಜು ತೊಳೆದರೆ ಆರಿದ ಉಪ್ಪು ಹೊಳೆಯುತ್ತದೆ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೇ ಬಳಸಬೇಕು. ಪಾರದರ್ಶಕ ಪ್ಯಾಕಿಂಗ್ ಟೇಪಿನಿಂದ ಮೇಣ ಎಬ್ಬಿಸುವ ಉಪಾಯ ಇಲ್ಲಿ ನಡೆಯುವುದಿಲ್ಲ. ಟೇಪಿನ ಪ್ಲಾಸ್ಟಿಕ್ಕನ್ನು ಎಳೆದು ಹಿಗ್ಗಿಸಿರುತ್ತಾರೆ, ಅದೇ ಇಡೀ ನೋಟವನ್ನು ಬೆಳಗಿಬಿಡುತ್ತದೆ.

ಎಲ್ಲಕ್ಕೂ ಒಂದೇ ಕೊನೆಯ ಪರೀಕ್ಷೆ: ಸುಮಾರು 60ರಿಂದ 95 ಡಿಗ್ರಿಯೊಳಗೆ ಕರಗಿ ಕಪ್ಪಾಗಿ, ತಣಿದಾಗ ಮತ್ತೆ ಹೊಳೆದರೆ ಅದು ಸರಪಳಿ ಮೇಣ.

ತಾಪ ಸರಿಹೊಂದಿಸುವುದು

ಗೊತ್ತಿರುವ ಮೂರು ವಸ್ತು: ಸ್ಟಿಯರಿಕ್ ಆಮ್ಲ 69.3, ನ್ಯಾಫ್ತಲೀನ್ 80.2, ಅಸಿಟನಿಲೈಡ್ 114.3 ಡಿಗ್ರಿ. ಮೇಣದಬತ್ತಿ ಮಾಡುವವರು ಮಾರುವ ಸ್ಟಿಯರಿಕ್ ಆಮ್ಲ ಬೇಡ. ಅದರಲ್ಲಿ ಪಾಮಿಟಿಕ್ ಆಮ್ಲ ಅರ್ಧಕ್ಕರ್ಧ ಬೆರೆತಿದ್ದು 50ರ ದಶಕದಲ್ಲೇ ಕರಗುತ್ತದೆ. ನುಸಿ ಗುಳಿಗೆಯಲ್ಲೂ ಎರಡು ಬಗೆ. ಪ್ಯಾರಾ-ಡೈಕ್ಲೋರೊಬೆಂಜೀನ್ ಆಗಿದ್ದರೆ 53 ಡಿಗ್ರಿಗೇ ನೀರಾಗುತ್ತದೆ. ಲ್ಯಾಬ್ ದರ್ಜೆಯದನ್ನೇ ತರಬೇಕು.

ಮಾದರಿಯನ್ನು ದಪ್ಪ ಸ್ಲೈಡಿನ ಮೇಲಿಡದೆ ಎರಡು ಕವರ್‌ಸ್ಲಿಪ್‌ಗಳ ನಡುವೆ ಇಡಬೇಕು. ಸ್ಲೈಡಿನ ಒಂದು ಮಿ.ಮೀ.ಗೂ ದಪ್ಪದ ಗಾಜು ಬಿಸಿಯನ್ನು ತಡವಾಗಿ ದಾಟಿಸುತ್ತದೆ, ಕವರ್‌ಸ್ಲಿಪ್ 0.17 ಮಿ.ಮೀ. ಮಾತ್ರ. ತೂತಿನ ನಡುಭಾಗಕ್ಕೆ ಕೆಳಗೆ ಲೋಹವಿಲ್ಲ, ಅಲ್ಲಿ ತಾಪ ಕಡಿಮೆ. ತೂತಿನ ಅಂಚಿಗೆ ತಾಗಿದ ಹರಳನ್ನೇ ನೋಡಬೇಕು. ಕರಗುವ ಬಿಂದುವಿಗೆ 10 ಡಿಗ್ರಿ ಮುಂಚಿನಿಂದ ನಿಮಿಷಕ್ಕೆ 1 ಡಿಗ್ರಿಯಂತೆ ಏರಿಸಿ, ಕೊನೆಯ ಹೊಳಪು ಆರಿದ ತಾಪ ಬರೆದುಕೊಳ್ಳಿ. ಓದು ಮತ್ತು ನಿಜದ ನಡುವಿನ ಅಂತರವನ್ನು ಮೂರು ಬಿಂದುಗಳಿಗೂ ಗೆರೆ ಎಳೆದು ಪ್ರೋಗ್ರಾಮಿಗೆ ಸೇರಿಸಿದರೆ ಆಯಿತು. ಕವರ್‌ಸ್ಲಿಪ್ ಬಗೆ, ಏರಿಕೆಯ ವೇಗ ಬದಲಾದರೆ ಈ ತಿದ್ದುಪಡಿ ಲೆಕ್ಕಕ್ಕೆ ಬಾರದು, ಮತ್ತೆ ಮಾಡಬೇಕು.

ಮೇಣ ತೆಗೆಯುವುದು

ಜೋಳಕ್ಕೆ ದ್ರಾವಕವೇ ಬೇಡ. ಎಲೆಬುಡದ ಬಿಳಿ ಭಾಗವನ್ನು ಬ್ಲೇಡಿನ ಬೆನ್ನಿನಿಂದ ಒಂದೇ ದಿಕ್ಕಿಗೆ ಹಗುರಾಗಿ ಗೀರಿ, ಗಾಜಿನ ಮೇಲೆ ಉದುರಿಸಿಕೊಂಡರೆ ಹಸಿರು ಬಣ್ಣ ಸೇರದ ಮೇಣ ಸಿಗುತ್ತದೆ. ಬರಿಗೈಯಲ್ಲಿ ಮುಟ್ಟಬಾರದು. ಚರ್ಮದ ಎಣ್ಣೆ ಸೇರಿದರೆ ಕರಗುವ ಬಿಂದು ಇಳಿಯುತ್ತದೆ.

ಎಲೆಕೋಸು, ದ್ರಾಕ್ಷಿಗಳಿಗೆ ಕ್ಲೋರೋಫಾರ್ಮ್. 100 ಮಿ.ಲೀ. ಬೀಕರಿನಲ್ಲಿ 50 ಮಿ.ಲೀ. ತೆಗೆದುಕೊಂಡು, ಕತ್ತರಿಸಿದ ಅಂಚು ಮೇಲಿರುವಂತೆ ಹಿಡಿದು 20ರಿಂದ 30 ಸೆಕೆಂಡು ಅದ್ದಿ ತೆಗೆಯಬೇಕು. ನಿಮಿಷಗಟ್ಟಲೆ ಬಿಟ್ಟರೆ ಒಳಕೋಶಗಳ ಕೊಬ್ಬು, ಪತ್ರಹರಿತ್ತು ಬಂದು ದ್ರಾವಣ ಹಸಿರಾಗುತ್ತದೆ. ಎಕ್ಕೆ ಎಲೆಗೆ ಇನ್ನೂ ಎಚ್ಚರ ಬೇಕು: ತೊಟ್ಟಿನಿಂದ ಸುರಿಯುವ ಹಾಲು ಕ್ಲೋರೋಫಾರ್ಮಿನಲ್ಲಿ ಬೆರೆತರೆ ಮೇಣದ ಜೊತೆ ರಬ್ಬರೂ ಬರುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ. ತೊಟ್ಟಿನ ಹಾಲು ಪೂರ್ತಿ ನಿಂತ ಮೇಲೆ, ತುದಿಯ ಭಾಗ ಮಾತ್ರ ಅದ್ದಬೇಕು. ಪ್ಲಾಸ್ಟಿಕ್ ಡಬ್ಬಿ, ರಬ್ಬರ್ ಬುರುಡೆಯ ಡ್ರಾಪರ್, ಪ್ಲಾಸ್ಟಿಕ್ ಪೆಟ್ರಿ ತಟ್ಟೆ ಯಾವುದನ್ನೂ ಕ್ಲೋರೋಫಾರ್ಮಿಗೆ ತಾಗಿಸಬಾರದು. ಪ್ಲಾಸ್ಟಿಕ್ಕಿನ ಮೆದುಕಾರಕ ಕರಗಿ ಬಂದು, ಆರಿದ ಮೇಲೆ ಹರಳುಗಟ್ಟದ ಜಿಡ್ಡಿನ ಉಂಗುರ ಉಳಿಯುತ್ತದೆ. ಗಾಜಿನ ಸೀಸೆ, ಮುಚ್ಚಳದೊಳಗೆ ಅಲ್ಯೂಮಿನಿಯಂ ಹಾಳೆ. ಕಿಟಕಿ ತೆರೆದ ಜಾಗ, ಕ್ಲೋರೋಫಾರ್ಮ್ ತಡೆಯುವ ಕೈಗವಸು (ತೆಳು ನೈಟ್ರೈಲ್ ಸಾಲದು), ಹತ್ತಿರ ಬೆಂಕಿ ಇಲ್ಲ, ಬಿಸಿತಟ್ಟೆಯೂ ಆಫ್: ಕ್ಲೋರೋಫಾರ್ಮಿನ ಆವಿ ಜ್ವಾಲೆಗೆ ಸಿಕ್ಕರೆ ಫಾಸ್‌ಜೀನ್ ಎಂಬ ವಿಷಾನಿಲ ಆಗುತ್ತದೆ. ಉಳಿದದ್ದನ್ನು ಮೋರಿಗೆ ಸುರಿಯದೆ ಲ್ಯಾಬಿನ ಹ್ಯಾಲೊಜನ್ ತ್ಯಾಜ್ಯದ ಸೀಸೆಗೆ ಹಾಕಬೇಕು.

ಕ್ಲೋರೋಫಾರ್ಮ್ ಹೊರಗಿನ ಹರಳನ್ನೂ ಒಳಪೊರೆಯಲ್ಲಿ ಹುದುಗಿದ ಮೇಣವನ್ನೂ ಒಟ್ಟಿಗೆ ತೆಗೆಯುತ್ತದೆ. ಹೊರಗಿನದು ಮಾತ್ರ ಬೇಕೆಂದರೆ ಅಂಟಿನ ದಾರಿ ಇದೆ. ಅಂಟಿನ ಉಂಡೆಗೆ ಹಾಕುವ ಅಂಟನ್ನೇ ಪುಡಿ ಮಾಡಿ, ಮೊದಲು ಕ್ಲೋರೋಫಾರ್ಮಿನಲ್ಲಿ ತೊಳೆದು ಒಣಗಿಸಿ, 10 ಗ್ರಾಂಗೆ 10 ಮಿ.ಲೀ. ಡಿಸ್ಟಿಲ್ಡ್ ನೀರು ಬೆರೆಸಿದರೆ ಗಟ್ಟಿ ಪಾಕ ಬರುತ್ತದೆ. ಎಲೆಯ ಮೇಲೆ ದಪ್ಪಗೆ ಹರಡಬೇಕು, ತೆಳುವಾದರೆ ಮೇಣ ಅದನ್ನು ತಳ್ಳಿ ಉಂಡೆಗಟ್ಟಿಸುತ್ತದೆ. ಒಣಗಿದ ಪೊರೆಯನ್ನು ಚಿಮಟದಿಂದ ಎಬ್ಬಿಸಿ ನೀರಿನಲ್ಲಿ ಕರಗಿಸಿ, ತೇಲುವ ಮೇಣವನ್ನು ಸ್ವಲ್ಪ ಕ್ಲೋರೋಫಾರ್ಮಿನಿಂದ ಎತ್ತಿಕೊಳ್ಳಬೇಕು. ಏಪ್ರಿಲ್‌ನ ಒಣಹವೆಯಲ್ಲಿ ಅಂಟು ಬೇಗ ಸೀಳಿ ಚೂರಾಗುತ್ತದೆ. ಎಲೆಯನ್ನು ಒದ್ದೆ ಬಟ್ಟೆ ಇಟ್ಟ ಡಬ್ಬಿಯೊಳಗೆ ಒಣಗಿಸಿದರೆ ಪೊರೆ ಇಡಿಯಾಗಿ ಬರುತ್ತದೆ.

ಕರಗಿಸಿದಾಗ

ಜೋಳದ ಪುಡಿ 70 ಡಿಗ್ರಿವರೆಗೆ ಹೆಚ್ಚು ಬದಲಾಗುವುದಿಲ್ಲ. ಶುದ್ಧ 28 ಇಂಗಾಲದ ಆಮ್ಲ ಸುಮಾರು 91, 30 ಇಂಗಾಲದ್ದು ಸುಮಾರು 94 ಡಿಗ್ರಿಗೆ ಕರಗುತ್ತದೆ. ಗಿಡದ ಮೇಣ ಮಿಶ್ರಣವಾದ್ದರಿಂದ ಅದಕ್ಕಿಂತ ಮೊದಲೇ ಎಳೆಯ ಅಂಚು ಮಸಕಾಗಿ, ಕೆಲವು ಡಿಗ್ರಿಗಳ ಹರವಿನಲ್ಲಿ ಹೊಳಪು ಆರುತ್ತದೆ. ಶುರು, ಕೊನೆ ಎರಡನ್ನೂ ಬರೆಯಬೇಕು. ಹರವು ಅಗಲವಾದಷ್ಟೂ ಸರಪಳಿಯ ಉದ್ದಗಳು ಹೆಚ್ಚು ಬಗೆಯವು.

ಎಲೆಕೋಸಿನ ಮೇಣ ಬೇಗ ಸಡಿಲಗೊಳ್ಳುತ್ತದೆ. ಅದರ 29 ಇಂಗಾಲದ ಆಲ್ಕೇನ್ 64 ಡಿಗ್ರಿಯಲ್ಲೇ ಕರಗುವಂಥದ್ದು. ಈ ಆಲ್ಕೇನ್ ಶುದ್ಧವಾಗಿದ್ದರೆ ಕರಗುವ ಕೆಲವು ಡಿಗ್ರಿ ಮುಂಚೆಯೇ ಹೊಳಪಿನ ಬಣ್ಣ ತಟ್ಟನೆ ಬದಲಾಗುತ್ತದೆ. ಹರಳು ಇನ್ನೂ ಘನವೇ, ಆದರೆ ಒಳಗೆ ಸರಪಳಿಗಳು ತಮ್ಮ ಅಕ್ಷದ ಸುತ್ತ ಹೊರಳತೊಡಗಿವೆ. ಕಮಲದ ಮೇಣ 90ರಿಂದ 95 ಡಿಗ್ರಿ ತಡೆದುಕೊಳ್ಳುತ್ತದೆ. ನಡುಸರಪಳಿಯ ಎರಡೆರಡು ಹೈಡ್ರಾಕ್ಸಿಲ್ (ಆಲ್ಕೊಹಾಲಿನ ಆಮ್ಲಜನಕ-ಜಲಜನಕ) ಗುಂಪುಗಳು ಪಕ್ಕದ ಅಣುಗಳನ್ನು ಹಿಡಿದಿಟ್ಟುಕೊಳ್ಳುವುದೇ ಇದಕ್ಕೆ ಕಾರಣ.

ದ್ರಾಕ್ಷಿ ಬೇರೆಯೇ ಕಥೆ. ಕೊಪ್ಪಳ ಕಡೆಯ ತೋಟದಿಂದ ಔಷಧ ಹೊಡೆಯದ, ಕೈ ತಾಗದ ಗೊಂಚಲು ತಂದು ತೆಗೆದ ಮೇಣದಲ್ಲಿ ಒಂದು ಪಾಲು 80ರ ಆಸುಪಾಸಿನಲ್ಲಿ ಕರಗಿ ಕಪ್ಪಾಗುತ್ತದೆ, ಉಳಿದದ್ದು 110 ಡಿಗ್ರಿಗೂ ಹೊಳೆಯುತ್ತಲೇ ಇರುತ್ತದೆ. ಕರಗಿದ್ದು ಉದ್ದ ಸರಪಳಿಯ ಆಲ್ಕೊಹಾಲ್ ಮುಂತಾದವು. ಕರಗದ್ದು ಓಲಿಯನಾಲಿಕ್ ಆಮ್ಲ. ಅದು ಸರಪಳಿಯೇ ಅಲ್ಲ, ಐದು ಉಂಗುರಗಳ ಟ್ರೈಟರ್ಪಿನಾಯ್ಡ್, ಕರಗಲು 300 ಡಿಗ್ರಿ ದಾಟಬೇಕು. ದ್ರಾಕ್ಷಿ ಮೇಣದ ದೊಡ್ಡ ಪಾಲು ಅದೇ. ಕ್ಲೋರೋಫಾರ್ಮ್ ಬದಲು ಹೆಕ್ಸೇನ್ ಬಳಸಿದರೆ ಅದು ಬಹುಪಾಲು ಹಣ್ಣಿನ ಮೇಲೇ ಉಳಿದುಬಿಡುತ್ತದೆ, ಅಳತೆ ಪೂರ್ತಿ ದಾರಿ ತಪ್ಪುತ್ತದೆ.

ಬಗೆಗಳನ್ನು ಬೇರ್ಪಡಿಸಲು ಸಿಲಿಕಾ ತೆಳುಪದರದ ಹಾಳೆ ಸಾಕು. ಹಾಳೆಯ ಬುಡದಲ್ಲಿ ಮೇಣದ ಚುಕ್ಕೆ ಇಟ್ಟು ಮೇಲಕ್ಕೆ ಏರಿಸುವ ದ್ರಾವಕಕ್ಕೆ ಪುಸ್ತಕಗಳು ಹೆಕ್ಸೇನ್ ಜೊತೆ ಡೈಈಥೈಲ್ ಈಥರ್ ಹೇಳುತ್ತವೆ. ಈಥರ್ ಕುದಿಯುವುದು 34.6 ಡಿಗ್ರಿಗೆ, ರಾಯಚೂರಿನ ಮೇ ತಿಂಗಳಲ್ಲಿ ಸೀಸೆ ತೆರೆದ ಕೂಡಲೇ ಹಾರಿಹೋಗಿ ಮಿಶ್ರಣದ ಪ್ರಮಾಣ ಕೆಡುತ್ತದೆ. 9 ಪಾಲು ಹೆಕ್ಸೇನಿಗೆ 1 ಪಾಲು ಈಥೈಲ್ ಅಸಿಟೇಟ್, ಮೇಲೊಂದು ಹನಿ ಅಸಿಟಿಕ್ ಆಮ್ಲ ಇಟ್ಟುಕೊಳ್ಳುವುದು ಲೇಸು. ಆಲ್ಕೇನ್ ತುದಿಗೆ ಓಡುತ್ತದೆ, ಕೀಟೋನ್ ಅದರ ಕೆಳಗೆ, ಆಲ್ಕೊಹಾಲ್, ಆಮ್ಲಗಳು ಹಿಂದೆ ಉಳಿಯುತ್ತವೆ. ಅಯೋಡಿನ್ ಆವಿಗೆ ಈ ಸರಪಳಿಗಳು ಸರಿಯಾಗಿ ಬಣ್ಣ ಹಿಡಿಯುವುದಿಲ್ಲ. ದ್ರಾವಕ ಪೂರ್ತಿ ಆರಿದ ಮೇಲೆ ಹಾಳೆಗೆ ನೀರು ಸಿಂಪಡಿಸಿ: ಸಿಲಿಕಾ ನೆನೆದು ಮಂಕಾಗುತ್ತದೆ, ಮೇಣದ ಚುಕ್ಕೆ ನೆನೆಯದೆ ಬೆಳ್ಳಗೆ ಉಳಿಯುತ್ತದೆ. ಚುಕ್ಕೆಯಲ್ಲಿ ಮೇಣ ಧಾರಾಳವಾಗಿದ್ದರೆ ಮಾತ್ರ ಇದು ಕಾಣುತ್ತದೆ.

ಮತ್ತೆ ಹರಳುಗಟ್ಟಿಸುವುದು

20 ಮಿ.ಗ್ರಾಂ ಜೋಳದ ಮೇಣ, 20 ಮಿ.ಲೀ. ಕ್ಲೋರೋಫಾರ್ಮ್, 40 ಡಿಗ್ರಿಯ ನೀರಿನಲ್ಲಿ ಸೀಸೆ ಇಟ್ಟು ಕರಗಿಸಿ. ಡಿಸೆಂಬರ್ ರಾತ್ರಿಯ ಚಳಿಗೆ ಸೀಸೆಯ ತಳದಲ್ಲಿ ಹರಳು ಕೂತಿದ್ದರೆ ಬಳಸುವ ಮುಂಚೆ ಮತ್ತೆ ಬೆಚ್ಚಗೆ ಮಾಡಬೇಕು, ಇಲ್ಲದಿದ್ದರೆ ಮೇಲಿನ ದ್ರಾವಣದಲ್ಲಿ ಚಿಕ್ಕ ಸರಪಳಿಗಳೇ ಹೆಚ್ಚಾಗಿ ಬರುತ್ತವೆ. ಕವರ್‌ಸ್ಲಿಪ್ ಮೇಲೆ 20 ಮೈಕ್ರೊಲೀಟರ್ ಹನಿ ಹಾಕಿ, ಗಾಜಿನ ಪೆಟ್ರಿ ತಟ್ಟೆ ಕವುಚಿ, ಪಕ್ಕದಲ್ಲಿ ಕ್ಲೋರೋಫಾರ್ಮ್ ಹನಿಸಿದ ಫಿಲ್ಟರ್ ಕಾಗದ ಇಟ್ಟರೆ ನಿಧಾನ ಆರುತ್ತದೆ. ಮುಚ್ಚದೆ ಬಿಟ್ಟರೆ ಮೇ ತಿಂಗಳಲ್ಲಿ ಕ್ಷಣಮಾತ್ರದಲ್ಲಿ ಆರಿ, ಅಣುಗಳಿಗೆ ಜಾಗ ಹುಡುಕಿಕೊಳ್ಳುವ ಸಮಯವೇ ಸಿಗದೆ, ಅಂಚಿನಲ್ಲಿ ದಪ್ಪ ಉಂಗುರ, ನಡುವೆ ಸಣ್ಣ ಪುಡಿ ಉಳಿಯುತ್ತದೆ. ಆಗಸ್ಟ್‌ನ ತೇವದಲ್ಲಿ ತೊಂದರೆಯೇ ಬೇರೆ. ಕ್ಲೋರೋಫಾರ್ಮ್ ಹಾರುವಾಗ ಗಾಜು ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ, ಹನಿ ಇದ್ದಲ್ಲೆಲ್ಲ ಮೇಣದಲ್ಲಿ ದುಂಡು ತೂತು. ಇದು ಗಿಡದ ಆಕಾರವಲ್ಲ, ಹವೆಯ ಆಕಾರ. ಡಬ್ಬಿಯೊಳಗೆ ಸಿಲಿಕಾ ಜೆಲ್ ಇಟ್ಟರೆ ನಿಲ್ಲುತ್ತದೆ.

ದ್ರಾವಣದಿಂದ ಬಂದದ್ದು, ಕರಗಿಸಿ ಆರಿಸಿದ್ದು, ಎಲೆಬುಡದಿಂದ ಗೀರಿದ್ದು, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಜೋಳದ ಎಳೆ ಮೊದಲ ಎರಡರಲ್ಲೂ ಬರುವುದಿಲ್ಲ. ಕಮಲದ ಕೊಳವೆ ದ್ರಾವಣದಿಂದ ಮತ್ತೆ ಬರಬಲ್ಲದು, ಏಕೆಂದರೆ ಅದು ಅಣುವಿನ ಬಾಗುವಿಕೆಯಿಂದಲೇ ಹುಟ್ಟುತ್ತದೆ. ಜೋಳದ ಎಳೆಯ ಉದ್ದ, ದಪ್ಪ ತೀರ್ಮಾನವಾಗುವುದರಲ್ಲಿ ಅಣುವಿನ ಜೊತೆ ಕಾರ್ಕ್ ಕೋಶದ ಪಾಲೂ ಇದೆ. ಕೋಶ ಒಳಗಿನಿಂದ ತಳ್ಳುತ್ತಿದ್ದಂತೆ ಮೇಣ ಬುಡದಲ್ಲಿ ಗಟ್ಟಿಯಾಗುತ್ತ ಬೆಳೆಯುತ್ತದೆ, ಗಾಜಿನ ಮೇಲೆ ಹಾಗೆ ತಳ್ಳುವ ಕೋಶವಿಲ್ಲ.

ಹನಿಯ ಕೋನ

ಯು-100 ಇನ್ಸುಲಿನ್ ಸಿರಿಂಜಿನ ಒಂದು ಯೂನಿಟ್ 10 ಮೈಕ್ರೊಲೀಟರ್, ಯು-40 ಆದರೆ 25. ಯು-100ರಲ್ಲಿ ಅರ್ಧ ಯೂನಿಟಿನಷ್ಟು, 5 ಮೈಕ್ರೊಲೀಟರ್ ಡಿಸ್ಟಿಲ್ಡ್ ನೀರು ಇಟ್ಟು, ಹಿಂದೆ ಬಿಳಿ ಕಾಗದ, ಪಕ್ಕದಿಂದ ಮೊಬೈಲ್, ಮ್ಯಾಕ್ರೋ ಮಸೂರ. ಮೊಬೈಲ್ ಹನಿಯ ಬುಡದ ಮಟ್ಟದಲ್ಲೇ ಇರಬೇಕು. ಹನಿಯ ಎತ್ತರದ ಎರಡರಷ್ಟನ್ನು ಬುಡದ ಅಗಲದಿಂದ ಭಾಗಿಸಿ, ಆ ಸಂಖ್ಯೆ ಯಾವ ಕೋನದ ಟ್ಯಾನ್ ಎಂದು ನೋಡಿ, ಅದನ್ನು ದುಪ್ಪಟ್ಟು ಮಾಡಿದರೆ ಸ್ಪರ್ಶಕೋನ, ಅಂದರೆ ಹನಿಯ ಅಂಚು ಮೇಲ್ಮೈಗೆ ತಾಗುವಲ್ಲಿ ನೀರಿನೊಳಗಿನ ಕೋನ. ಎತ್ತರ, ಅಗಲ ಹೆಚ್ಚು ಕಡಿಮೆ 1.3ಕ್ಕೆ 2ರ ಅನುಪಾತದಲ್ಲಿದ್ದರೆ 105 ಡಿಗ್ರಿ. ಹನಿ ದೊಡ್ಡದಾದಷ್ಟೂ ತನ್ನ ಭಾರಕ್ಕೆ ಚಪ್ಪಟೆಯಾಗಿ ಕೋನ ಕಡಿಮೆ ಬರುತ್ತದೆ. ತೀರ ಸಣ್ಣ ಹನಿ ಕಮಲದ ಎಲೆಗೆ ಇಳಿಯುವುದೇ ಇಲ್ಲ, ಸೂಜಿಗೇ ಅಂಟಿಕೊಂಡು ಮೇಲೆ ಬರುತ್ತದೆ. ಅಲ್ಲಿ 10 ಮೈಕ್ರೊಲೀಟರ್ ಬೇಕು.

ಕರಗಿಸಿ ನುಣುಪಾಗಿಸಿದ ಸರಪಳಿ ಮೇಣದ ಮೇಲೆ ಕೋನ 105ರಿಂದ 110 ಡಿಗ್ರಿ. ಸರಪಳಿ ಎಷ್ಟೇ ಉದ್ದವಿರಲಿ, ನುಣುಪು ಮೈಯಲ್ಲಿ ಇದಕ್ಕಿಂತ ಹೆಚ್ಚು ಮೇಲೇರುವುದಿಲ್ಲ. ಕಮಲದ ಎಲೆಯಲ್ಲಿ 160ರ ಆಸುಪಾಸು. ಹನಿ ಹರಳುಗಳ ತುದಿಯಲ್ಲಿ ನಿಂತಿರುತ್ತದೆ, ಕೆಳಗೆಲ್ಲ ಗಾಳಿ. ಬಾರ್ಥ್‌ಲಾಟ್ ಮತ್ತು ನೈನ್‌ಹೌಸ್ 1997ರಲ್ಲಿ ಕಮಲದ ಶುಚಿತನಕ್ಕೆ ಕೊಟ್ಟ ವಿವರಣೆಯ ತಿರುಳೂ ಹರಳಿನ ಈ ಒರಟುತನವೇ. ಜೋಳದ ಎಲೆಬುಡವನ್ನು ಅಳೆಯುವಾಗ ಒಂದೇ ಗಿಡದ ಬಿಳಿ ಉಳಿದ ಜಾಗ, ಬೆರಳಿನಿಂದ ಉಜ್ಜಿದ ಜಾಗ, ಹೇರ್ ಡ್ರೈಯರಿನಿಂದ ಮೇಣ ಕರಗಿಸಿದ ಜಾಗ, ಮೂರರಲ್ಲೂ ಐದೈದು ಹನಿ ಇಟ್ಟು ನಡುವಿನ ಸಂಖ್ಯೆ ತೆಗೆದುಕೊಳ್ಳಿ. ಮೂರೂ ಒಂದೇ ಬಂದರೆ ಮೊದಲು ಅನುಮಾನಿಸಬೇಕಾದದ್ದು ಗಿಡದ ವಯಸ್ಸು: ತೆನೆ ಕಾಳು ಕಟ್ಟಿ ರವದಿ ಒಣಗಿದ ಮೇಲೆ ಎಲೆಗಳು ಒಂದಕ್ಕೊಂದು ಉಜ್ಜಿ ಎಳೆಗಳು ಆಗಲೇ ಮುರಿದಿರುತ್ತವೆ. ತೆನೆ ಆಗಷ್ಟೇ ಹೊರಟ ಗಿಡದ ಮೇಲಿನಿಂದ ಎರಡನೇ ಎಲೆಯ ಬುಡ, ಗಾಳಿಗೆ ಪಕ್ಕದ ಗಿಡ ತಾಗದ ಮಗ್ಗುಲು, ಬೆಳಗಿನ ಇಬ್ಬನಿ ಆರಿದ ಹೊತ್ತು. ಅಲ್ಲಿ ವ್ಯತ್ಯಾಸ ಸಿಗುತ್ತದೆ.